ಮಹಿಳೆಯರ ಮೈತೂಕ ಮತ್ತು ಸ್ತನ ಕ್ಯಾನ್ಸರ್: ಬೆಳೆಗಾರರು ಯೋಚಿಸಬೇಕಾದ ಮಾತು



ಈ ಪುಟದಲ್ಲಿ ಗೊಬ್ಬರದ ಹಂಚಿಕೆ, ಅಡಿಕೆ ಧಾರಣೆ, ಸಾಲದ ಕಂತು ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಆ ವಾಡಿಕೆ ಬಿಟ್ಟು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಸಹಕಾರ ಸಂಘದ ಪತ್ರಿಕೆಗೆ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಪೂರ್ತಿ ಓದಿದ ಮೇಲೆ ತೀರ್ಮಾನಿಸಿ ಎಂದು ಕೋರುತ್ತೇನೆ.

ನಮ್ಮ ಸದಸ್ಯರೊಬ್ಬರ ಮನೆಯವರಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ತಾಗಿತು. ನೋವಿರಲಿಲ್ಲ. ಮನೆಯಲ್ಲಿ ಹೇಳಲು ಸಂಕೋಚ. ಕಾಫಿ ಕೊಯ್ಲು ಮುಗಿಯಲಿ ಎಂದುಕೊಂಡರು. ಆಮೇಲೆ ಅಡಿಕೆ ಒಣಗಿಸುವ ಕೆಲಸ, ಅದರ ಹಿಂದೆಯೇ ಮಗಳ ಮದುವೆ. ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಏಳು ತಿಂಗಳು ಕಳೆದು, ಗಂಟು ಕಂಕುಳಲ್ಲೂ ಕಾಣಿಸಿಕೊಂಡಿತ್ತು. ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಆ ಸದಸ್ಯರು ಸಂಘದ ಕಚೇರಿಯಲ್ಲಿ ಕುಳಿತು, "ತೋಟದ ಒಂದೊಂದು ಗಿಡ ತಡವಿ ಕಾಂಡಕೊರಕ ಇದೆಯೇ ಎಂದು ನೋಡಿದೆ. ಮನೆಯಲ್ಲಿದ್ದವಳನ್ನು ಹೇಗಿದ್ದೀಯೆ ಎಂದು ಕೇಳಲಿಲ್ಲ" ಎಂದರು. ಹೆಸರು ಹಾಕದೆ ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಇದು ಒಂದು ಮನೆಯ ಕಥೆಯಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,92,000 ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂದಿದೆ. ಸುಮಾರು 98,000 ಮಂದಿ ಅದರಿಂದ ಸತ್ತಿದ್ದಾರೆ. ಇದಕ್ಕೆ ಕಾರಣಗಳು ಹಲವು. ವಯಸ್ಸು, ವಂಶ, ಮೊದಲ ಹೆರಿಗೆ ತಡವಾಗುವುದು, ಇವು ನಮ್ಮ ಕೈಯಲ್ಲಿಲ್ಲ, ಅಥವಾ ಆಗಿಹೋದವು. ನಮ್ಮ ಕೈಯಲ್ಲಿರುವ ಕೆಲವೇ ಸಂಗತಿಗಳಲ್ಲಿ ಮೈತೂಕವೂ ಒಂದು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2016ರಲ್ಲಿ, ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ಸಂಬಂಧವಿದೆ ಎಂದು ಘೋಷಿಸಿದರು. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಅವುಗಳಲ್ಲೊಂದು. ಕಾರಣ ತಿಳಿಯುವುದು ಕಷ್ಟವಲ್ಲ. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುತ್ತದೆ. ಮುಟ್ಟು ನಿಂತ ಮೇಲೆ ಆ ಕೆಲಸವನ್ನು ಮೈಯ ಕೊಬ್ಬು ವಹಿಸಿಕೊಳ್ಳುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಈಸ್ಟ್ರೋಜನ್ ಹೆಚ್ಚು. ಸ್ತನದ ಅನೇಕ ಗಡ್ಡೆಗಳು ಬೆಳೆಯುವುದು ಇದೇ ಹಾರ್ಮೋನಿನ ಬಲದಿಂದ.

ಐದಡಿ ಎತ್ತರದ ಮಹಿಳೆಗೆ ಸುಮಾರು 53 ಕಿಲೊದವರೆಗಿನ ತೂಕ ಹಿತಮಿತವೆಂದು ಭಾರತೀಯರಿಗೆ ಹಾಕಿಕೊಟ್ಟ ಅಳತೆ ಹೇಳುತ್ತದೆ. ಮುಟ್ಟು ನಿಂತವರಲ್ಲಿ, ಈ ಎತ್ತರಕ್ಕೆ ಹನ್ನೊಂದು ಹನ್ನೆರಡು ಕಿಲೊ ತೂಕ ಹೆಚ್ಚಿದರೆ ಸ್ತನ ಕ್ಯಾನ್ಸರಿನ ಸಂಭವ ನೂರಕ್ಕೆ 12ರಷ್ಟು ಏರುತ್ತದೆ. ಅಂದರೆ ನೂರು ಮಂದಿಗೆ ಬರುವ ಕಡೆ ನೂರ ಹನ್ನೆರಡು ಮಂದಿಗೆ ಬರುತ್ತದೆ. ಹೆದರಿ ಓಡುವಂಥ ಅಂಕಿಯಲ್ಲ, ಅಲಕ್ಷ್ಯ ಮಾಡುವಂಥದ್ದೂ ಅಲ್ಲ.

ಸಮಾಧಾನದ ಮಾತೂ ಇದೆ. ಅಮೆರಿಕದಲ್ಲಿ 1976ರಿಂದ ದಾದಿಯರ ಆರೋಗ್ಯದ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಅವರಲ್ಲಿ ಮುಟ್ಟು ನಿಂತ 87 ಸಾವಿರ ಮಂದಿಯ ವಿವರ 2006ರಲ್ಲಿ ಪ್ರಕಟವಾಯಿತು. ಹದಿನೆಂಟರ ವಯಸ್ಸಿನಿಂದೀಚೆಗೆ 25 ಕಿಲೊ ಅಥವಾ ಹೆಚ್ಚು ತೂಕ ಏರಿದವರಲ್ಲಿ ರೋಗದ ಸಂಭವ ನೂರಕ್ಕೆ 45ರಷ್ಟು ಹೆಚ್ಚಿತ್ತು. ಮುಟ್ಟು ನಿಂತ ಮೇಲೆ 10 ಕಿಲೊ ಇಳಿಸಿ, ಅದನ್ನು ಉಳಿಸಿಕೊಂಡು, ಹಾರ್ಮೋನು ಮಾತ್ರೆ ನುಂಗದೆ ಇದ್ದವರಲ್ಲಿ ಅದು ಅರ್ಧಕ್ಕಿಂತ ಕಡಿಮೆಯಿತ್ತು. ಐವತ್ತು ದಾಟಿತು, ಇನ್ನೇನು ಮಾಡಿ ಫಲ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಮನೆಗಳ ಕಡೆ ನೋಡೋಣ. ನಮ್ಮ ತಾಯಂದಿರು ಒರಳಲ್ಲಿ ರುಬ್ಬಿದರು, ಬಾವಿಯಿಂದ ನೀರು ಸೇದಿದರು, ಕೊಟ್ಟಿಗೆ ಬಾಚಿದರು, ಬಸ್ಸಿಗೆ ಎರಡು ಮೈಲಿ ನಡೆದರು. ಇಂದು ಮಿಕ್ಸಿ, ನಲ್ಲಿ, ಗ್ಯಾಸ್, ಅಂಗಳಕ್ಕೇ ಬರುವ ಜೀಪು ಇವೆ. ಆ ಕಷ್ಟ ಮರಳಿ ಬರಲಿ ಎಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ದುಡಿತ ಕಡಿಮೆಯಾದರೂ ತಟ್ಟೆಯ ಅನ್ನ ಹಾಗೆಯೇ ಉಳಿಯಿತು. ಅದರ ಮೇಲೆ ಬೇಕರಿ ತಿಂಡಿ ಸೇರಿತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಮಹಿಳೆಯರಲ್ಲಿ ಸುಮಾರು 21 ಮಂದಿ ಅಧಿಕ ತೂಕದವರಿದ್ದರು. 2019-21ರಲ್ಲಿ ಅದು 24ಕ್ಕೆ ಏರಿತು.

ನಾವು ಬೆಳೆಯುವ ಕಾಫಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಫಿಯಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲವೆಂದು ಅದೇ ಸಂಸ್ಥೆ 2016ರಲ್ಲಿ ತಿಳಿಸಿದೆ. ಸಂಶಯವಿರುವುದು ಸಕ್ಕರೆಯ ಮೇಲೆ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ 50 ಗ್ರಾಮಿನಷ್ಟು ಸಕ್ಕರೆ ಒಳಗೆ ಹೋಯಿತು. ತಿಂಗಳಿಗೆ ಒಂದೂವರೆ ಕಿಲೊ. ಕಾಫಿ ಬಿಡಬೇಕಿಲ್ಲ, ಸಕ್ಕರೆ ಇಳಿಸಿದರೆ ಸಾಕು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೊದಲನೆಯದು, ತೆಳ್ಳಗಿರುವವರಿಗೆ ಈ ರೋಗ ಬಾರದೆಂದು ತಿಳಿಯಬಾರದು. ಮುಟ್ಟು ನಿಲ್ಲುವ ಮೊದಲು ಬರುವ ಸ್ತನ ಕ್ಯಾನ್ಸರಿಗೆ ದಪ್ಪ ಮೈ ಕಾರಣವೆಂದು ಕಂಡುಬಂದಿಲ್ಲ. ನಮ್ಮ ದೇಶದಲ್ಲಿ ನಲವತ್ತರ ಆಸುಪಾಸಿನವರಲ್ಲೂ ಈ ರೋಗ ಸಾಕಷ್ಟಿದೆ. ನಮ್ಮ ತೋಟಗಳಲ್ಲಿ ದಿನವಿಡೀ ಹಣ್ಣು ಬಿಡಿಸುವ ಹೆಂಗಸರು ಸಣಕಲು ಮೈಯವರು. ಅವರಿಗೂ ಇದು ಬರುತ್ತದೆ, ಆಸ್ಪತ್ರೆಗೆ ಹೋಗುವ ಅನುಕೂಲ ಅವರಿಗೆ ಇನ್ನೂ ಕಡಿಮೆ. ಎರಡನೆಯದು, ರೋಗ ಬಂದವರನ್ನು "ತಿಂದು ಕೊಬ್ಬಿದ್ದಕ್ಕೆ ಬಂತು" ಎಂದು ಆಡಿಕೊಳ್ಳುವುದು ಅನ್ಯಾಯ. ತೂಕ ಹಲವು ಕಾರಣಗಳಲ್ಲಿ ಒಂದು ಮಾತ್ರ. ಮನೆಯ ಹೆಂಗಸು ಎಲ್ಲರಿಗೂ ಬಡಿಸಿ, ಉಳಿದದ್ದು ಹಾಳಾಗಬಾರದೆಂದು ತಾನೇ ಉಂಡು, ನಡೆಯಲು ಅರ್ಧ ಗಂಟೆ ಬಿಡುವಿಲ್ಲದೆ ಇರುವುದು ಮನೆಯ ವ್ಯವಸ್ಥೆ. ಅದನ್ನು ಬದಲಿಸುವ ಹೊಣೆ ಗಂಡಸರದ್ದೂ ಹೌದು.

ತೂಕ ಇಳಿಯಲು ವರ್ಷಗಳು ಬೇಕು. ಗಂಟು ಅಷ್ಟು ದಿನ ಕಾಯುವುದಿಲ್ಲ. ಎದೆಯಲ್ಲಾಗಲಿ ಕಂಕುಳಲ್ಲಾಗಲಿ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಹೊಸದಾಗಿ ಒಳಕ್ಕೆ ಸರಿಯುವುದು, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದು ಕಂಡರೂ, ನೋವಿರಲಿ ಇಲ್ಲದಿರಲಿ, ಆ ವಾರವೇ ಡಾಕ್ಟರಿಗೆ ತೋರಿಸಬೇಕು. ಮುಂಬಯಿಯಲ್ಲಿ 1998ರಿಂದ ಇಪ್ಪತ್ತು ವರ್ಷ ನಡೆದ ಒಂದು ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ 30ರ ಹತ್ತಿರ ಕಡಿಮೆಯಾಯಿತು. ದೊಡ್ಡ ಯಂತ್ರ ಬೇಕಾಗಲಿಲ್ಲ. ಮೂವತ್ತು ದಾಟಿದ ಮಹಿಳೆಯರಿಗೆ ಈ ಪರೀಕ್ಷೆ ಸರ್ಕಾರದ ಯೋಜನೆಯಲ್ಲೂ ಇದೆ. ಆದರೂ 2019-21ರ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಒಬ್ಬರೂ ಪೂರ್ತಿ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಲೆಕ್ಕ ನೂರಕ್ಕೆ 0.9.

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುವವರು ನಾವು. ಕಾಯಿ ಉದುರಿದ ಮೇಲೆ ಹೊಡೆದರೆ ಏನೂ ಪ್ರಯೋಜನವಿಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟು. ವರ್ಷಕ್ಕೊಂದು ದಿನ, ಕೊಯ್ಲು ಶುರುವಾಗುವ ಮೊದಲು, ಸಂಘದ ಸಭಾಂಗಣವನ್ನು ಮಹಿಳೆಯರಿಗೆ ಬಿಟ್ಟುಕೊಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಬರೆದು, ಮಹಿಳಾ ಸಿಬ್ಬಂದಿಯಿಂದ ತೂಕ, ಎತ್ತರ ಮತ್ತು ಸ್ತನ ಪರೀಕ್ಷೆಯ ವ್ಯವಸ್ಥೆ ಮಾಡಿಸೋಣ. ಸದಸ್ಯರ ಮನೆಯವರಷ್ಟೇ ಅಲ್ಲ, ತೋಟದ ಕೆಲಸದ ಹೆಂಗಸರೂ ಬರಲಿ. ಅಂದಿನ ಕೂಲಿ ಹಿಡಿಯಬಾರದು. ಸಂಶಯ ಕಂಡವರನ್ನು ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕಳುಹಿಸಲು ಸಂಘದ ನಿಧಿಯಿಂದ ಪ್ರಯಾಣ ವೆಚ್ಚ ಕೊಡುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದೆ ಇಡುತ್ತೇನೆ. ಸದಸ್ಯರು ಪರವಾಗಿಯೋ ವಿರೋಧವಾಗಿಯೋ ಮುಕ್ತವಾಗಿ ಮಾತಾಡಬೇಕು.

ಅಲ್ಲಿಯವರೆಗೆ ಕಾಯಬೇಕಾದ್ದಿಲ್ಲ. ಈ ಪತ್ರಿಕೆಯನ್ನು ಮನೆಯಲ್ಲಿ ಹೆಂಗಸರ ಕೈಗೂ ಕೊಡಿ. ಅವರು ಏನಾದರೂ ಹೇಳಿದರೆ, ಕೊಯ್ಲು ಮುಗಿಯಲಿ ಎನ್ನಬೇಡಿ.

ಇತಿ ನಿಮ್ಮ,
ಕಾರ್ಯದರ್ಶಿ