ರೈತನ ಹೆಗಲ ಮೇಲೆ ಕೋವಿ

ಬೆಂಗಳೂರು ದಕ್ಷಿಣದ ಹೊಸಕೆರೆಹಳ್ಳಿ, ಬನಶಂಕರಿ, ಜಯನಗರಗಳಲ್ಲಿ ಮಲೆನಾಡಿನಿಂದಲೂ ಕೊಡಗಿನಿಂದಲೂ ಬಂದು ನೆಲೆಸಿದ ಕುಟುಂಬಗಳಿಗೆ ಕೊರತೆಯಿಲ್ಲ. ಇಂಥ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಹನ್ನೆರಡು ಬೋರಿನ ಕೋವಿ ಪರವಾನಗಿ ಸಮೇತ ಉಳಿದುಬಂದಿದೆ. ಕೋವಿಯ ಒಡೆಯರು ಸೇರಿದಲ್ಲಿ ಈಗ ಮೊದಲು ಕೇಳಿಬರುವ ಮಾತು ತೋಟೆಯದು: ಅಂಗಡಿಯಲ್ಲಿ ಸಿಗುತ್ತಿಲ್ಲ, ಸಿಕ್ಕರೆ ಬೆಲೆ ಕೇಳುವಂತಿಲ್ಲ. ಅದರ ಬೆನ್ನಿಗೇ ರೈತನ ಹೆಸರು ಬರುತ್ತದೆ. ತೋಟೆಯಿಲ್ಲದೆ ಮಲೆನಾಡಿನ ಕೃಷಿಕ ತನ್ನ ಬೆಳೆಯನ್ನು ಹಂದಿ, ಮಂಗಗಳಿಗೆ ಒಪ್ಪಿಸಿ ಕುಳಿತಿದ್ದಾನಂತೆ. ಆದ್ದರಿಂದ ತೋಟೆಯ ಮಾರುಕಟ್ಟೆ ಮುಕ್ತವಾಗಬೇಕಂತೆ. ಮೊದಲ ದೂರು ನಿಜ. ಎರಡನೆಯದರಲ್ಲಿ ಅರ್ಧ ನಿಜ, ಅರ್ಧ ಮೋಸ.

ಕೊರತೆಯ ಕಾರಣವೇನೂ ನಿಗೂಢವಲ್ಲ. 1980ರ ದಶಕದ ಮಧ್ಯಭಾಗದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ವಿದೇಶೀ ಶಸ್ತ್ರಗಳ ಆಮದಿನ ಬಾಗಿಲು ಮುಚ್ಚಿತು. ಆನಂತರ ದಶಕಗಳ ಕಾಲ ನಾಗರಿಕರ ತೋಟೆಗೆ ಮುಖ್ಯ ಮೂಲವಾದದ್ದು ಸರಕಾರದ ಕಾರ್ಖಾನೆ. ಹನ್ನೆರಡು ಬೋರಿನ ಮಟ್ಟಿಗೆ 1869ರಲ್ಲಿ ಸ್ಥಾಪಿತವಾದ ಪುಣೆಯ ಖಡ್ಕಿ ಕಾರ್ಖಾನೆ. 2021ರ ಅಕ್ಟೋಬರಿನಲ್ಲಿ ಶಸ್ತ್ರ ಕಾರ್ಖಾನೆಗಳ ಮಂಡಳಿ ವಿಸರ್ಜನೆಗೊಂಡು ಖಡ್ಕಿಯು ಮ್ಯುನಿಷನ್ಸ್ ಇಂಡಿಯಾ ಎಂಬ ಕಂಪನಿಯ ಪಾಲಾಯಿತು. ಹಲಗೆಯ ಹೆಸರು ಬದಲಾದರೂ ಸರತಿಯಲ್ಲಿ ನಾಗರಿಕನ ಸ್ಥಾನ ಬದಲಾಗಲಿಲ್ಲ. ಮೊದಲು ಸೇನೆ, ಬಳಿಕ ಪೊಲೀಸು, ಉಳಿದದ್ದು ಇತರರಿಗೆ. ಆ ಉಳಿದದ್ದು ಬೆರಳೆಣಿಕೆಯ ಅಂಗಡಿಗಳ ಮೂಲಕ ಹಂಚಿಕೆಯಾಗುವಾಗ ಮಾರುವವನು ಹೇಳಿದ್ದೇ ಬೆಲೆ. ಅಮೆರಿಕದಂಥ ಮುಕ್ತ ಮಾರುಕಟ್ಟೆಯಲ್ಲಿಯೂ 2020–21ರಲ್ಲಿ ಜನ ಹೆದರಿ ಖರೀದಿಗೆ ಮುಗಿಬಿದ್ದು ತೋಟೆಯ ಕಪಾಟುಗಳು ಬರಿದಾಗಿ ಬೆಲೆ ಹಲವು ಪಟ್ಟು ಏರಿತ್ತೆಂಬುದನ್ನು ಮುಕ್ತತೆಯ ಪ್ರತಿಪಾದಕರು ಮರೆಯುತ್ತಾರೆ.

ಈ ಬರದ ಪೆಟ್ಟು ಬೀಳುವುದು ಯಾರಿಗೆ? ತೀರ್ಥಹಳ್ಳಿಯದೋ ಸಿದ್ದಾಪುರದದೋ ಸಣ್ಣ ಹಿಡುವಳಿದಾರನಿಗೆ ವರ್ಷಕ್ಕೆ ಬೇಕಾದದ್ದು ಕೆಲವೇ ತೋಟೆ. ಅವುಗಳಲ್ಲಿ ಹೆಚ್ಚಿನವು ಕೊಲ್ಲುವುದಕ್ಕಲ್ಲ, ಸದ್ದಿಗೆ. ಮಂಗನನ್ನು ಕೊಲ್ಲುವುದಂತೂ ಸಲ್ಲದು; 2022ರ ತಿದ್ದುಪಡಿಯ ನಂತರ ಬಯಲುಸೀಮೆಗೂ ಮಲೆನಾಡಿಗೂ ಪರಿಚಿತವಾದ ಕೆಂಪುಮೋರೆಯ ಮಂಗ ಒಂದನೆಯ ಅನುಸೂಚಿಗೆ ಸೇರಿದೆ. ಹಂದಿಗೂ ಕಾಯ್ದೆಯ 11ನೆಯ ಕಲಮಿನನ್ವಯ ಲಿಖಿತ ಅನುಮತಿ ಬೇಕು. ಇಷ್ಟಕ್ಕಾಗಿ ಆತ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ, ‘ಸ್ಟಾಕ್ ಇಲ್ಲ’ವೆಂಬ ಉತ್ತರ ಕೇಳಿ, ಬರಿಗೈಯಲ್ಲಿ ಮರಳುತ್ತಾನೆ. ಚುನಾವಣೆ ಬಂದರೆ ಕೋವಿಯೇ ಠಾಣೆ ಸೇರುತ್ತದೆ; 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಮಲೆನಾಡು, ಕರಾವಳಿಗಳಲ್ಲಿ ಕೃಷಿಕರ ಕೋವಿಗಳನ್ನು ಠೇವಣಿ ಇಡಿಸಲಾಯಿತು. ಮತದಾನದ ದಿನಾಂಕ ಹಂದಿಗೆ ತಿಳಿಯದು.

ಹೆಚ್ಚುವರಿ ಬೆಲೆ ತೆರಬಲ್ಲವನಿಗೆ ಮಾತ್ರ ಬರವೆಂಬುದು ಅನನುಕೂಲವೇ ಹೊರತು ತಡೆಯಲ್ಲ. ವಾರಾಂತ್ಯದಲ್ಲಿ ಜೀಪು ಹತ್ತುವವನಿಗೆ ತೋಟೆಯ ಬೆಲೆ ಪೆಟ್ರೋಲಿನ ಖರ್ಚಿನೊಂದು ಪಾಲು. ಅಂದರೆ ದುಬಾರಿತನವು ಸಾಚಾ ಅಗತ್ಯವಿದ್ದವನನ್ನು ಸೋಸಿ ಹೊರಹಾಕಿ, ಮೋಜಿನವನನ್ನು ಒಳಗೆ ಬಿಡುವ ಜರಡಿಯಾಗಿದೆ. ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ಸುತ್ತಲ ಕೆರೆಗಳೇ ಉಲ್ಲಂಕಿ, ಬಾತುಗಳ ಷಿಕಾರಿಯ ನೆಲೆಗಳಾಗಿದ್ದವು. ಆ ಕೆರೆಗಳಲ್ಲಿ ಬಹುಪಾಲು ಬಡಾವಣೆಗಳಡಿ ಹೂತುಹೋದವು. ಉಳಿದ ಹೊಸಕೆರೆಹಳ್ಳಿಯ ಕೆರೆಯ ಒಡಲಿಗೂ 2023ರಲ್ಲಿ ಮಣ್ಣು ಸುರಿದು ದಾರಿ ಮಾಡಲಾಯಿತು. ನಗರದ ಕೋವಿಗೆ ಉಳಿದಿರುವುದು ಒಂದೋ ಕ್ಲಬ್ಬಿನ ಗುರಿಮೈದಾನ, ಇಲ್ಲವೇ ಘಟ್ಟದ ಕಾಡು.

ಗುರಿಮೈದಾನದವರ ಬಗ್ಗೆ ತಕರಾರಿಲ್ಲ. ಅವರ ಲೆಕ್ಕ ಬೇರೆ, ಅವರಿಗೆ ಕ್ರೀಡಾ ಸಂಸ್ಥೆಯ ಆಸರೆಯೂ ಇದೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ಕ್ರೀಡಾಪಟುಗಳ ತೋಟೆಯ ಮಿತಿಯನ್ನು ಹೆಚ್ಚಿಸಿದೆ. ಕೊಡಗಿನ ವಿನಾಯಿತಿಯನ್ನು ಕಂಡು ಕರುಬುವುದೂ ಸಲ್ಲ. 1861ರಿಂದ ನಡೆದುಬಂದ ಆ ಹಕ್ಕನ್ನು ಕೇಂದ್ರವು 2019ರಲ್ಲಿ ಹತ್ತು ವರ್ಷ ವಿಸ್ತರಿಸಿತು, ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಕೈಲ್ ಪೊಳ್ದಿನ ದಿನ ಹೂವೇರಿಸಿ ಪೂಜಿಸುವ ಕೋವಿಯಿಂದ ಕಾಡಿಗೆ ಕೇಡಿಲ್ಲ. ಅದನ್ನೇ ನೆಪಮಾಡಿಕೊಂಡು ರಾತ್ರಿ ಟಾರ್ಚು ಹಿಡಿಯುವವನಿಂದ ಕೇಡಿದೆ.

ಹಾಗಾದರೆ ಬರವೇ ಕಾಡಿಗೆ ಒಳಿತಲ್ಲವೇ ಎಂದು ಕೆಲವು ಪರಿಸರಾಸಕ್ತರು ಒಳಗೊಳಗೇ ಸಮಾಧಾನಪಟ್ಟುಕೊಳ್ಳುವುದುಂಟು. ಇದು ಅಪಾಯಕರ ಸಮಾಧಾನ. ತೋಟೆ ಸಿಗದ ಕೈ ಸುಮ್ಮನಿರುವುದಿಲ್ಲ. ಬೈಕಿನ ಬ್ರೇಕು ತಂತಿಯ ಉರುಳು, ಬೇಲಿಗೆ ನೇರ ಹರಿಸಿದ ವಿದ್ಯುತ್ತು, ಹಣ್ಣಿನೊಳಗಿಟ್ಟ ಸಿಡಿಮದ್ದು ಇವೆಲ್ಲ ತೋಟೆಗಿಂತ ಅಗ್ಗ. ಇವುಗಳಿಗೆ ಪರವಾನಗಿಯಿಲ್ಲ, ದಾಖಲೆಯಿಲ್ಲ, ಹಂದಿ ಯಾವುದು ಚಿರತೆ ಯಾವುದೆಂಬ ವಿವೇಚನೆಯೂ ಇಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಿ ಛಿದ್ರವಾಗಿ, ನದಿಯಲ್ಲಿ ನಿಂತೇ ಪ್ರಾಣಬಿಟ್ಟ ಗರ್ಭಿಣಿ ಆನೆಯನ್ನು ಕೊಂದದ್ದು ಕೋವಿಯಲ್ಲ.

ಆದ್ದರಿಂದ ಕೇಳಬೇಕಾದದ್ದು ಎಲ್ಲರಿಗೂ ಅಗ್ಗದ ತೋಟೆಯನ್ನಲ್ಲ, ಪ್ರತಿ ತೋಟೆಯ ಲೆಕ್ಕವನ್ನು. ಬೆಳೆ ರಕ್ಷಣೆಯ ಪರವಾನಗಿ ಉಳ್ಳವನಿಗೆ ತಾಲ್ಲೂಕು ಕೇಂದ್ರದಲ್ಲಿಯೇ, ಹಲಗೆಯ ಮೇಲೆ ಬರೆದ ದರದಲ್ಲಿ, ಖಾಲಿ ಕೊಳವೆ ಹಿಂತಿರುಗಿಸಿದಷ್ಟಕ್ಕೆ ಹೊಸದು ದೊರೆಯಲಿ. ಅಂಗಡಿಯ ಮಾರಾಟದ ಪುಸ್ತಕ ಈಗಲೂ ಇದೆ. ಯಾವ ಬಗೆಯ ಪರವಾನಗಿಗೆ ವರ್ಷಕ್ಕೆ ಎಷ್ಟು ತೋಟೆ ಹೋಯಿತೆಂಬ ಮೊತ್ತವನ್ನು, ಯಾರ ಹೆಸರನ್ನೂ ಹೇಳದೆ, ಜಿಲ್ಲಾಡಳಿತ ಪ್ರಕಟಿಸಲಿ. ರೈತನ ಹೆಸರಿನಲ್ಲಿ ಗೋಳಿಡುವವರು ಈ ಬೇಡಿಕೆಗೆ ದನಿಗೂಡಿಸುವರೇ?

ಇನ್ನೊಂದು ಕಿಂಡಿಯೂ ಮುಚ್ಚಬೇಕಾಗಿದೆ. ವನ್ಯಜೀವಿ ಕಾಯ್ದೆಯ 34ನೆಯ ಕಲಮಿನಂತೆ ಅಭಯಾರಣ್ಯದೊಳಗೂ ಅದರ 10 ಕಿಲೋಮೀಟರ್ ಸುತ್ತಳತೆಯಲ್ಲೂ ವಾಸಿಸುವ ಕೋವಿದಾರರು, ಪರವಾನಗಿಯ ವಿನಾಯಿತಿ ಉಳ್ಳವರೂ ಸೇರಿ, ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಪುಷ್ಪಗಿರಿಯ ಬುಡದ ಏಲಕ್ಕಿ ಬೆಳೆಗಾರ ಈ ಪಟ್ಟಿಗೆ ಬರುತ್ತಾನೆ. ಶನಿವಾರ ಹೊಸಕೆರೆಹಳ್ಳಿಯಿಂದ ಹೊರಟು ಅದೇ ಬುಡದ ತೋಟದ ಬಂಗಲೆಯಲ್ಲಿ ಇಳಿಯುವವನು, ಅಲ್ಲಿ ‘ವಾಸಿ’ಸುವುದಿಲ್ಲವಾದ ಕಾರಣ, ಬರುವುದಿಲ್ಲ.