ರಸ್ತೆಗೆ ಬೇಕಾದ ಹಣ ಎಲ್ಲಿದೆ?

ಬಾಗಲಕೋಟೆ, ಕೊಪ್ಪಳ, ಗದಗ, ವಿಜಯಪುರಗಳ ಕಡೆಯ ಎಷ್ಟೋ ಮನೆತನಗಳಿಗೆ ಉಡುಪಿ ಜಿಲ್ಲೆಯೊಡನೆ ಇಂದು ಎರಡು ಬಗೆಯ ನಂಟು ಬೆಳೆದಿದೆ. ಮಕ್ಕಳು ಮಣಿಪಾಲದಲ್ಲಿ ಓದುತ್ತಿರುತ್ತಾರೆ. ಇಲ್ಲವೆ ಮನೆಯ ದುಡಿಯುವ ಕೈಗಳು ಕಟ್ಟಡದ ಕೆಲಸಕ್ಕೋ ಮಲ್ಪೆಯ ಬಂದರಿಗೋ ಹೋಗಿರುತ್ತವೆ. ಕಲಿಯಲು ಹೋದವರಾಗಲಿ ದುಡಿಯಲು ಹೋದವರಾಗಲಿ, ಬಹುಮಂದಿ ರಸ್ತೆಯ ಅಂಚಿನಲ್ಲಿ ನಡೆಯುವವರು, ಇಲ್ಲವೆ ಎರಡು ಗಾಲಿಯ ವಾಹನ ಏರಿದವರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಕರ್ನಾಟಕದಲ್ಲಿ ಮಡಿದವರೇ 11,702. ದೇಶದ ಆ ಮೃತರಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕಿದವರು ದ್ವಿಚಕ್ರಿಗಳು ಮತ್ತು ಪಾದಚಾರಿಗಳು. ಆದುದರಿಂದ ಕಾಪುವಿನ ಹೆದ್ದಾರಿ ದಾಟುವಿಕೆಯಾಗಲಿ ಮಣಿಪಾಲದ ಏರುದಾರಿಯಾಗಲಿ ಕರಾವಳಿಯವರ ಚಿಂತೆ ಮಾತ್ರವಲ್ಲ, ನಮ್ಮ ಓದುಗ ಬಂಧುಗಳ ಮನೆಯ ಚಿಂತೆಯೂ ಹೌದು.

ಈ ವಿಷಯ ಬಂದಾಗಲೆಲ್ಲ ಕೇಳಿಬರುವ ಉತ್ತರ ಒಂದೇ, 'ಹಣವಿಲ್ಲ' ಎಂಬುದು. ಈ ಮಾತನ್ನು ನಾವು ಒಪ್ಪುವುದಿಲ್ಲ. ಹಣವಿದೆ, ಹಲವು ಬಾಗಿಲುಗಳ ಹಿಂದೆ ಇದೆ. ಯಾವ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದನ್ನು ಅರಿತು ಹೋಗುವವರು ಕಡಿಮೆ.

ದೊಡ್ಡ ಬಾಗಿಲುಗಳು ನಮ್ಮ ಸಣ್ಣ ಊರುಗಳಿಗೆ ಸುಲಭವಾಗಿ ತೆರೆಯವು. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಒಪ್ಪಿದ ಪಿ.ಎಂ. ಇ-ಬಸ್ ಸೇವಾ ಯೋಜನೆಯ ಅಂದಾಜು ವೆಚ್ಚ 57,613 ಕೋಟಿ ರೂಪಾಯಿ. ಹತ್ತು ಸಾವಿರ ವಿದ್ಯುತ್ ಬಸ್ಸುಗಳು. ಆದರೆ ಅದು ಮುಖ್ಯವಾಗಿ 3 ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ. 2011ರ ಗಣತಿಯಲ್ಲಿ ಉಡುಪಿ ನಗರಸಭೆಯ ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ಕಾರ್ಕಳ, ಕಾಪುಗಳ ಮಾತೇ ಇಲ್ಲ. ವಿಶ್ವಬ್ಯಾಂಕು 2022ರಲ್ಲಿ ರಾಜ್ಯಗಳ ರಸ್ತೆ ಸುರಕ್ಷತೆಗೆಂದು 25 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದರ ಏಳು ರಾಜ್ಯಗಳ ಪಟ್ಟಿಯಲ್ಲಿ ನಮ್ಮ ನೆರೆಯ ಆಂಧ್ರ, ತೆಲಂಗಾಣ, ತಮಿಳುನಾಡುಗಳಿದ್ದವು, ಕರ್ನಾಟಕವಿರಲಿಲ್ಲ.

ಹಾಗೆಂದು ಹೊರಗಿನ ಹಣ ನಮ್ಮ ನಾಡಿಗೆ ಬಂದೇ ಇಲ್ಲವೆನ್ನಲಾಗದು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಸಾರ್ವಜನಿಕ ಸೈಕಲ್ ವ್ಯವಸ್ಥೆಗೆ ಗ್ಲೋಬಲ್ ಎನ್ವಿರಾನ್ಮೆಂಟ್ ಫೆಸಿಲಿಟಿ ಎಂಬ ಅಂತರರಾಷ್ಟ್ರೀಯ ನಿಧಿಯ ನೆರವಿತ್ತು. ಅದಕ್ಕಿಂತಲೂ ನಮ್ಮ ಓದುಗರಿಗೆ ಹತ್ತಿರವಾದ ಉದಾಹರಣೆ ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿ. ವಿಶ್ವಬ್ಯಾಂಕಿನ ನೆರವಿನ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯ ಅಡಿಯಲ್ಲಿ ಸುಮಾರು 62 ಕಿಲೋಮೀಟರಿನ ಈ ದಾರಿಯನ್ನು 'ಸುರಕ್ಷಿತ ಮಾರ್ಗ'ದ ಮಾದರಿಯಾಗಿ ಆರಿಸಿಕೊಂಡರು. ಲೋಕೋಪಯೋಗಿ ಇಲಾಖೆ ತಿರುವುಗಳನ್ನೂ ಕೂಡುದಾರಿಗಳನ್ನೂ ತಿದ್ದಿತು. ಪೊಲೀಸರು ವೇಗದ ಮೇಲೆ ಕಣ್ಣಿಟ್ಟರು. ಗಾಯಾಳುಗಳ ಚಿಕಿತ್ಸೆಯ ಏರ್ಪಾಡೂ ಅದೇ ಯೋಜನೆಯೊಳಗೆ ಸೇರಿತು. 2015ರಿಂದ 2018ರ ನಡುವೆ ಅಲ್ಲಿ ಸಾವುಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದವೆಂದು ವಿಶ್ವಬ್ಯಾಂಕು ತಿಳಿಸಿದೆ. ಇಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತವನ್ನಲ್ಲ. ಒಂದೇ ದಾರಿಯನ್ನು ಹಿಡಿದರು, ಬೇರೆ ಬೇರೆ ಇಲಾಖೆಗಳನ್ನು ಒಂದೆಡೆ ಕೂರಿಸಿದರು, ಕೆಲಸಕ್ಕೆ ಮುನ್ನ ಸಾವುಗಳನ್ನು ಎಣಿಸಿ, ಆದಮೇಲೆ ಮತ್ತೆ ಎಣಿಸಿದರು. ಹಣ ಕೊಡುವವರು ಎಲ್ಲೆಲ್ಲೂ ಕೇಳುವುದು ಈ ಎಣಿಕೆಯನ್ನೇ.

ಇನ್ನು ಸಮೀಪದ ಬಾಗಿಲುಗಳು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, 5 ಕೋಟಿಗೆ ಕಡಿಮೆಯಿಲ್ಲದ ನಿವ್ವಳ ಲಾಭವೋ, 1000 ಕೋಟಿಯ ವಹಿವಾಟೋ, 500 ಕೋಟಿಯ ನಿವ್ವಳ ಮೌಲ್ಯವೋ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ತಾವು ಉದ್ಯಮ ನಡೆಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಎಲ್ಲೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಇತರ ಉದ್ಯಮಗಳೂ ಇರುವ ಕಾಪು ತಾಲ್ಲೂಕಿನ ಜನ ಈ ಮಾತನ್ನು ನೆನಪಿನಲ್ಲಿಡುವುದು ಲೇಸು. ರಸ್ತೆ ಸುರಕ್ಷತೆ ಇದರಲ್ಲಿ ಸೇರುತ್ತದೆಯೇ ಎಂಬ ಪ್ರಶ್ನೆಗೆ 2014ರ ಜೂನ್ ತಿಂಗಳಲ್ಲಿಯೇ ಕೇಂದ್ರದ ಸ್ಪಷ್ಟನೆ ಬಂದಿದೆ. ಜನಶಿಕ್ಷಣ, ಚಾಲಕರ ತರಬೇತಿ, ಸುರಕ್ಷಿತ ಸಂಚಾರ ವಿನ್ಯಾಸದ ತಿಳಿವಳಿಕೆ, ಅಪಘಾತಕ್ಕೆ ಸಿಕ್ಕಿದವರ ಚಿಕಿತ್ಸೆ ಇವೆಲ್ಲ ಸೇರುತ್ತವೆ. ಪೊಲೀಸರ ತರಬೇತಿ ಸೇರುವುದಿಲ್ಲ. ಅದು ಸರ್ಕಾರದ ಕೆಲಸ.

ಒಂದು ಮಾತನ್ನು ಇಲ್ಲಿ ಹೇಳದಿರಲಾರೆವು. ಈ ಹಣದಲ್ಲಿ ಅಗ್ಗವಾಗಿ ಆಗಿಹೋಗುವ ಕೆಲಸವೆಂದರೆ ಫಲಕ. 'ನಿಧಾನವಾಗಿ ಚಲಿಸಿ' ಎಂಬ ಅಕ್ಷರಗಳಿಗಿಂತ ದಾನಿಯ ಹೆಸರೇ ದೊಡ್ಡದಾಗಿರುವ ಫಲಕಗಳನ್ನು ನಾವೆಲ್ಲ ನೋಡಿದ್ದೇವೆ. ಕೊಟ್ಟದ್ದನ್ನು ಆಡಿ ತೋರಿಸುವುದು ದಾಸೋಹದ ಲಕ್ಷಣವಲ್ಲವೆಂದು ನಮ್ಮ ಮನೆಗಳಿಗೆ ಹೇಳಿಕೊಡಬೇಕಾದ್ದಿಲ್ಲ. ಅಂಥ ಹತ್ತು ಫಲಕಗಳಿಗಿಂತ ಕತ್ತಲೆಯ ಬಸ್ ನಿಲ್ದಾಣಕ್ಕೆ ಒಂದು ದೀಪ, ಶಾಲೆಯ ಮುಂದೆ ನೂರು ಮಾರು ಕಾಲುದಾರಿ ಹೆಚ್ಚು ಜೀವಗಳನ್ನು ಕಾಯುತ್ತವೆಂಬುದು ನಮ್ಮ ಅಭಿಪ್ರಾಯ.

ಈ ಹಣ ಪಡೆಯುವ ಸಂಸ್ಥೆ ನೋಂದಾಯಿತ ಟ್ರಸ್ಟೋ ಸಂಘವೋ ಆಗಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ಮಾನ್ಯತೆ ಇರಬೇಕು. ಮೂರು ವರ್ಷಗಳ ಕೆಲಸದ ದಾಖಲೆಯೂ, 2021ರಿಂದೀಚೆಗೆ ಸಿ.ಎಸ್.ಆರ್.-1 ನೋಂದಣಿಯೂ ಬೇಕು. ಮಠಗಳ ವಿದ್ಯಾಸಂಸ್ಥೆಗಳಲ್ಲಿ ಇವುಗಳಲ್ಲಿ ಹಲವು ಈಗಾಗಲೇ ಇರುವುದರಿಂದ ಹೊಸ ಸಂಘ ಕಟ್ಟಿ ಮೂರು ವರ್ಷ ಕಾಯುವ ಅಗತ್ಯ ಎಲ್ಲರಿಗೂ ಇಲ್ಲ. ವಿದೇಶದ ದೇಣಿಗೆಗಾದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ನೋಂದಣಿಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯೂ ಕಡ್ಡಾಯ. ಅದು ದೂರದ ದಾರಿ; ಮೊದಲ ಹೆಜ್ಜೆಗೆ ತಕ್ಕುದಲ್ಲ.

ಬಸ್ ತಂಗುದಾಣ, ಕಾಲುಸಂಕ, ಕಾಲುದಾರಿಗಳಂಥ ಸ್ಥಿರ ಕಾಮಗಾರಿಗೆ ಸಂಸತ್ ಸದಸ್ಯರ ವರ್ಷದ 5 ಕೋಟಿ ಮತ್ತು ಶಾಸಕರ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿಗಳಿವೆ. ಖಾಸಗಿ ಬಸ್ಸುಗಳೇ ಊರೂರನ್ನು ಜೋಡಿಸುವ ಆ ಜಿಲ್ಲೆಯಲ್ಲಿ, ಬಸ್ಸಿನವರೆಗೆ ಜನ ನಿರ್ಭಯವಾಗಿ ನಡೆದುಬರುವಂತಾದರೆ ಸ್ವಂತ ವಾಹನದ ಹಂಗು ತಾನೇ ಕಡಿಮೆಯಾದೀತು.

ಆದರೆ ಯಾರ ಬಳಿ ಹೋಗುವ ಮುನ್ನವೂ 'ಇದು ಯಾರ ರಸ್ತೆ?' ಎಂದು ಕೇಳಿಕೊಳ್ಳಬೇಕು. ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿಗಳ ಮೂಲಕ ಉಡುಪಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಮೊದಲು ಅದು 17. ಉಡುಪಿಯಿಂದ ಮಣಿಪಾಲ, ಪರ್ಕಳಗಳನ್ನು ಹಾದು ಆಗುಂಬೆಗೆ ಏರುವುದು 169ಎ, ಅದೂ ರಾಷ್ಟ್ರೀಯ ಹೆದ್ದಾರಿಯೇ. ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆಗಳ ಮೇಲೆ ಕಾರ್ಕಳಕ್ಕೆ ಹೋಗುವುದು ರಾಜ್ಯ ಹೆದ್ದಾರಿ. ಒಳದಾರಿಗಳು ಪಂಚಾಯಿತಿ, ಪುರಸಭೆಗಳವು. ಪರರ ರಸ್ತೆಯಲ್ಲಿ ಒಪ್ಪಿಗೆಯಿಲ್ಲದೆ ಒಂದು ಉಬ್ಬನ್ನೂ ಹಾಕುವಂತಿಲ್ಲ. ಹಾಕಿದರೆ ಅದೇ ಅಪಘಾತಕ್ಕೆ ಕಾರಣವಾದೀತು. ಅರ್ಜಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮೂಲಕ ಹೋದರೆ ಸಂಬಂಧಪಟ್ಟ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕಾಣಬಹುದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 198ಎ ಕಲಮು, ನಿಗದಿತ ಮಟ್ಟದಂತೆ ರಸ್ತೆಯನ್ನು ಕಟ್ಟದ, ಕಾಯದ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸುತ್ತದೆ. ಗುತ್ತಿಗೆದಾರರೇ ಮಾಡಬೇಕಾದ ಕೆಲಸಕ್ಕೆ ದಾನಿಗಳ ಹಣವನ್ನು ಸುರಿಯಬಾರದು.

ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸುಮಾರು 500 ಮೀಟರಿನೊಳಗೆ ಮೂರು ವರ್ಷಗಳಲ್ಲಿ ಸಾವೋ ತೀವ್ರ ಗಾಯವೋ ಆದ ಐದು ಅಪಘಾತಗಳು, ಇಲ್ಲವೆ ಹತ್ತು ಸಾವುಗಳು ನಡೆದರೆ ಅದನ್ನು ಕಪ್ಪುಚುಕ್ಕೆ ಎನ್ನುತ್ತಾರೆ. ಈ ಲೆಕ್ಕ ಪೊಲೀಸ್ ಠಾಣೆಯಲ್ಲಿ ದೊರೆಯುತ್ತದೆ. ಲೆಕ್ಕಕ್ಕೆ ಸಿಗದ್ದು ಕೂದಲೆಳೆಯಲ್ಲಿ ತಪ್ಪಿದ ಅಪಘಾತ, ಮಕ್ಕಳು ದಾಟಲು ಕಾಯುವ ಹೊತ್ತು. ಅದನ್ನು ಊರವರೇ ಬರೆದಿಡಬೇಕು. ಸುರಕ್ಷತಾ ಪರಿಶೀಲನೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯೇ ಇದೆ. ಮಣಿಪಾಲ, ನಿಟ್ಟೆ, ಸುರತ್ಕಲ್ ಮೂರೆಡೆಯೂ ಎಂಜಿನಿಯರಿಂಗ್ ಕಾಲೇಜುಗಳಿರುವಾಗ ನಕ್ಷೆ ಬರೆಯುವವರಿಗೆ ಬರವೇ? ಅಲ್ಲಿ ಓದುವ ನಮ್ಮ ಮಕ್ಕಳೇ ಇದನ್ನು ತಮ್ಮ ಪ್ರಾಜೆಕ್ಟಾಗಿ ಮಾಡಬಹುದು.

ನಕ್ಷೆ, ಅಂದಾಜುಪಟ್ಟಿ, ಓಡಾಟಕ್ಕೆ ಬೇಕಾದ ಮೊದಲ ಹಣ ಮಾತ್ರ ಹೊರಗಿನಿಂದ ಬರುವುದಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಾಗ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಕೂಡಿಸಿಕೊಳ್ಳುತ್ತಿತ್ತು. ಅದೇ ನೆಲದಲ್ಲಿ ಒಂದು ಶಾಲೆಯ ಪಾಲಕರು ತಿಂಗಳಿಗೆ ಇಪ್ಪತ್ತು ರೂಪಾಯಿಯಂತೆ ಕೂಡಿಸಿದರೂ ಒಂದು ಕೂಡುದಾರಿಯ ಸಮೀಕ್ಷೆಗೆ ಸಾಲುತ್ತದೆ. ಸಮೀಕ್ಷೆಯನ್ನು ಎರಡು ಸಲ ಮಾಡಬೇಕು: ಒಮ್ಮೆ ಬೇಸಿಗೆ ರಜೆಗೆ ಮುನ್ನ, ಇನ್ನೊಮ್ಮೆ ಜುಲೈ ಮಳೆಯಲ್ಲಿ, ರಸ್ತೆಯ ಅಂಚು ನೀರಿನಡಿಯಲ್ಲಿ ಮುಳುಗಿ ಕೊಡೆ ಹಿಡಿದ ಮಕ್ಕಳು ಡಾಮರಿನ ಮೇಲೆಯೇ ನಡೆಯುವ ದಿನಗಳಲ್ಲಿ.