ಹಾಜರಿ ಪುಸ್ತಕಕ್ಕೆ ಕಾಣದ ಸಂಗತಿ

ಈಚೆಗೆ ನನ್ನ ತರಗತಿಯ ವಿದ್ಯಾರ್ಥಿಗಳೊಡನೆ ಪಟ್ಟದಕಲ್ಲಿಗೆ ಹೋಗಿದ್ದೆ. ವಿರೂಪಾಕ್ಷ ದೇವಾಲಯದ ಪೂರ್ವದ ಬಾಗಿಲಲ್ಲಿ ನಿಂತು, ಲೋಕಮಹಾದೇವಿಯು ಅದನ್ನು ಕಟ್ಟಿಸಿದ ಕಥೆಯನ್ನೂ, ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದುದನ್ನೂ ವಿವರಿಸುತ್ತಿದ್ದೆ. ಆಗ ಹುಡುಗನೊಬ್ಬ ಹತ್ತಿರ ಬಂದು, “ಸರ್, ಅಂವ ಎರಡು ದಿನಾ ಆತು, ಊಟಾ ಮಾಡಿಲ್ರೀ, ಯಾರ ಕೂಡಾನೂ ಮಾತಾಡವಲ್ಲ” ಎಂದು ಮಲಪ್ರಭೆಯ ದಂಡೆಯತ್ತ ಕೈ ತೋರಿದ. ಅಲ್ಲಿ ನನ್ನ ಇನ್ನೊಬ್ಬ ವಿದ್ಯಾರ್ಥಿ ಒಂಟಿಯಾಗಿ ಕುಳಿತಿದ್ದ.

ಆತ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದ, ಮನೆಗೆ ತಿಳಿಸಿರಲಿಲ್ಲ. ದಿನವೂ ಅವನ ಹೆಸರು ಕೂಗಿ ಹಾಜರಿ ಹಾಕುವ ನನಗೆ ಕಾಣದ್ದು, ವಸತಿಗೃಹದಲ್ಲಿ ಪಕ್ಕದಲ್ಲಿ ಮಲಗುವವನಿಗೆ ಮೊದಲೇ ಕಂಡಿತ್ತು. ಆದರೆ ಅದನ್ನು ಯಾರಲ್ಲಿ ಹೇಳಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

ಇದು ಒಬ್ಬನ ಕಥೆಯಲ್ಲ. 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಮಾಡಿದೆ. 2025ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕುರಿತು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರ ಅಧ್ಯಕ್ಷತೆಯಲ್ಲಿ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ಜುಲೈಯಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು.

ಈ ನಿರ್ದೇಶನ ಸ್ವಾಗತಾರ್ಹವೇ. ಆದರೆ ಸಮಾಲೋಚಕರ ನೇಮಕವಾದ ಮಾತ್ರಕ್ಕೆ ವಿದ್ಯಾರ್ಥಿ ಅವರ ಬಾಗಿಲು ತಟ್ಟುವನೇ? ಆ ಕೊಠಡಿ ಕಚೇರಿಯ ಎದುರಿಗೇ ಇದ್ದರೆ, ನಾಲ್ಕು ಜನ ನೋಡುತ್ತಿರುವಾಗ ಒಳಗೆ ಹೋಗುವವರಾರು? ಅದು ಸಂಜೆಗೆ ಮೊದಲೇ ಮುಚ್ಚುವುದಾದರೆ, ರಾತ್ರಿ ನಿದ್ದೆ ಬಾರದವನ ಗತಿಯೇನು? ಬಾದಾಮಿ, ಹುನಗುಂದದ ಹಳ್ಳಿಗಳಿಂದ, ಇಳಕಲ್ಲಿನ ಮಗ್ಗದ ಮನೆಗಳಿಂದ ಬಂದವರು ತಮ್ಮ ದುಃಖವನ್ನು ಯಾವ ಭಾಷೆಯಲ್ಲಿ ತೋಡಿಕೊಳ್ಳಬೇಕು? ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ವಿದ್ಯಾರ್ಥಿಗಳು. ಆದ್ದರಿಂದ ವ್ಯವಸ್ಥೆಯನ್ನು ರೂಪಿಸುವ ಸಮಿತಿಯಲ್ಲಿ ಅವರಿಗೆ ಸ್ಥಾನವಿರಬೇಕು. ಅದು ಅಲಂಕಾರದ ಸ್ಥಾನವಾಗದೆ, ಮತವುಳ್ಳ ಸ್ಥಾನವಾಗಬೇಕು.

ಎಳೆಯರ ಹೆಗಲ ಮೇಲೆ ಇಂಥ ಭಾರ ಹೊರಿಸಬಹುದೇ ಎಂದು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪದಲ್ಲಿ ಹುರುಳಿದೆ. ಚಿಕಿತ್ಸೆ ವಿದ್ಯಾರ್ಥಿಗಳ ಕೆಲಸವಲ್ಲ. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಗೆಳೆಯನ ಕೆಲಸ ಗಮನಿಸುವುದು, ಕೇಳಿಸಿಕೊಳ್ಳುವುದು, ಬಲ್ಲವರಲ್ಲಿಗೆ ಕರೆದೊಯ್ಯುವುದು. ಜೀವಕ್ಕೆ ಅಪಾಯವೆನಿಸಿದರೆ ಗುಟ್ಟನ್ನು ಬಚ್ಚಿಡದೆ ಒಡನೆ ಹಿರಿಯರಿಗೆ ತಿಳಿಸುವುದು. ಇಷ್ಟನ್ನು ಕಲಿಸಬಹುದು. ರಾಜ್ಯದ ಯುವಜನ ಇಲಾಖೆಯೂ ನಿಮ್ಹಾನ್ಸೂ ಕೂಡಿ ನಡೆಸಿದ ‘ಯುವ ಸ್ಪಂದನ’ ಕಾರ್ಯಕ್ರಮದಲ್ಲಿ ತರುಣರನ್ನೇ ತರಬೇತುಗೊಳಿಸಿ ತರುಣರ ನೆರವಿಗೆ ನಿಲ್ಲಿಸಿದ ನಿದರ್ಶನ ನಮ್ಮ ಕಣ್ಣ ಮುಂದಿದೆ. ಹೊರೆ ಈಗಾಗಲೇ ಗೆಳೆಯರ ಹೆಗಲ ಮೇಲಿದೆ; ಅದನ್ನು ಹೊರುವ ಕ್ರಮವನ್ನಷ್ಟೇ ನಾವು ಅವರಿಗೆ ಹೇಳಿಕೊಟ್ಟಿಲ್ಲ.

ಆ ಸಂಜೆ ನಾನೂ ಅವನ ಗೆಳೆಯನೂ ಹೊಳೆಯ ದಂಡೆಯಲ್ಲಿ ಅವನ ಎರಡು ಬದಿಗೆ ಕುಳಿತೆವು. ಬಹಳ ಹೊತ್ತಿನ ಮೇಲೆ ಆತ ತಾನಾಗಿಯೇ ತಂದೆಗೆ ಫೋನು ಮಾಡಿದ. ಈಗ ತರಗತಿಗೆ ಬರುತ್ತಿದ್ದಾನೆ. ನಾನೂ ಹೆಸರು ಕೂಗುವಾಗ ಪುಸ್ತಕದಿಂದ ತಲೆಯೆತ್ತಿ ಮುಖ ನೋಡುವುದನ್ನು ರೂಢಿಸಿಕೊಂಡಿದ್ದೇನೆ.